ಖಿನ್ನತೆಯ ಔಷಧಿ ಅಂಗಡಿಯಲ್ಲಿ ದೊರೆಯದಿದ್ದಾಗ

ವಡೋದರಾ ನಗರಕ್ಕೂ ಔಷಧಿಗೂ ಹಳೆಯ ನಂಟು. ಅಲೆಂಬಿಕ್ ಸಂಸ್ಥೆ ಇಲ್ಲಿ ಸ್ಥಾಪನೆಯಾದದ್ದು 1907ರಲ್ಲಿ; ಸ್ವಾತಂತ್ರ್ಯಕ್ಕೆ ಮೊದಲೇ ಸಾರಾಭಾಯಿ ಕೆಮಿಕಲ್ಸ್ ಕೂಡ ನೆಲೆಯೂರಿತು. ಅಹಮದಾಬಾದಿನ ಟೊರೆಂಟ್ ಸಂಸ್ಥೆಯ ಸ್ಥಾಪಕರಾದ ಯು. ಎನ್. ಮೆಹತಾ ಅವರು ಹೆಸರು ಗಳಿಸಿದ್ದು ಮನೋರೋಗಗಳ ಔಷಧಿಗಳಿಂದ. 1983ರಲ್ಲಿ ವಾಪಿಯಲ್ಲಿ ಆರಂಭವಾದ ಸನ್ ಫಾರ್ಮಾ ಸಂಸ್ಥೆಯ ಮೊದಲ ಐದು ಔಷಧಿಗಳೂ ಮನೋರೋಗಕ್ಕೆ ಸಂಬಂಧಿಸಿದವೇ. ಹೀಗಿದ್ದರೂ ಕೈಯಲ್ಲಿ ಊರಿನ ವೈದ್ಯರ ಚೀಟಿ ಹಿಡಿದು ರಾವಪುರಾದಿಂದ ಅಲಕಾಪುರಿಯವರೆಗೆ ಅಂಗಡಿಯಿಂದ ಅಂಗಡಿಗೆ ಅಲೆಯುವ ಪ್ರಸಂಗ ಇಲ್ಲಿನ ಕನ್ನಡಿಗರಿಗೆ ಬರುವುದುಂಟು. ಹಲ್ಲಿದ್ದವರಿಗೆ ಕಡಲೆಯಿಲ್ಲ ಎಂಬ ಗಾದೆಯನ್ನು ಇದು ನೆನಪಿಗೆ ತರುತ್ತದೆ.

ಒಂದು ಸಂಸಾರವನ್ನು ಊಹಿಸಿಕೊಳ್ಳೋಣ. ಮಗನು ಕೊಯಲಿಯ ತೈಲ ಶುದ್ಧೀಕರಣಾಗಾರದಲ್ಲಿ ನೌಕರ. ತಂದೆ ತೀರಿಕೊಂಡ ಮೇಲೆ ಧಾರವಾಡದಲ್ಲಿ ಒಬ್ಬರೇ ಇದ್ದ ತಾಯಿಯನ್ನು ಕರೆತಂದಿದ್ದಾನೆ. ಆಕೆ ನಾಲ್ಕು ತಿಂಗಳಿಂದ ಖಿನ್ನತೆಗಾಗಿ ವೆನ್ಲಾಫಾಕ್ಸಿನ್ ಎಂಬ ಔಷಧಿಯನ್ನು ಸೇವಿಸುತ್ತಿದ್ದು, ಊಟ ನಿದ್ರೆಗಳು ಹದಕ್ಕೆ ಬಂದಿವೆ. ತಂದ ಮಾತ್ರೆಗಳು ಮುಗಿಯುತ್ತವೆ. ಮೊದಲ ಅಂಗಡಿಯಲ್ಲಿ 'ನಥೀ' ಎಂಬ ಉತ್ತರ, ಎರಡನೆಯದರಲ್ಲೂ ಅದೇ. ಮೂರನೆಯವನು ಬೇರೊಂದು ಪಟ್ಟಿಯನ್ನು ಮುಂದಿಟ್ಟು, ಎರಡೂ ಒಂದೇ ಎನ್ನುತ್ತಾನೆ. ಮಗನು ಅನುಮಾನದಿಂದ ಬರಿಗೈಯಲ್ಲಿ ಹಿಂದಿರುಗುತ್ತಾನೆ. "ಇರ್ಲಿ ಬಿಡೋ ಮಗಾ, ಈಗ ನಾ ಆರಾಮ ಇದ್ದೀನಿ, ಗುಳಿಗಿ ಸಾಕು" ಎಂದು ತಾಯಿ ಸಮಾಧಾನ ಹೇಳುತ್ತಾರೆ. ಅಪಾಯವು ಮೊದಲಾಗುವುದು ಈ ಮಾತಿನಿಂದಲೇ.

ನಿಲ್ಲಿಸಿದರೆ ಆಗುವುದೇನು?

ಖಿನ್ನತೆಯ ಔಷಧಿ ತಲೆನೋವಿನ ಮಾತ್ರೆಯಂತೆ ಕೂಡಲೇ ಕೆಲಸಮಾಡುವುದಿಲ್ಲ. ಅದರ ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳು ಬೇಕು. ಗುಣ ಕಂಡ ಬಳಿಕವೂ ಕನಿಷ್ಠ ಆರು ತಿಂಗಳಾದರೂ ಮುಂದುವರಿಸಬೇಕೆಂಬುದು ವೈದ್ಯಶಾಸ್ತ್ರದ ಮತ. ನಡುವೆ ಬಿಟ್ಟರೆ ರೋಗವು ಮರುಕಳಿಸುವ ಸಂಭವ ಹೆಚ್ಚು.

ಇದಲ್ಲದೆ, ಥಟ್ಟನೆ ನಿಲ್ಲಿಸಿದಾಗ ದೇಹವೂ ಪ್ರತಿಭಟಿಸುತ್ತದೆ. ಎರಡು ಮೂರು ದಿನಗಳಲ್ಲಿ ತಲೆಸುತ್ತು, ಓಕರಿಕೆ, ನಿದ್ರಾಭಂಗ, ಸಿಡುಕು, ತಲೆಯಲ್ಲಿ ವಿದ್ಯುತ್ತು ಹರಿದಂತಹ ಅನುಭವ ಇತ್ಯಾದಿಗಳು ತೋರಬಹುದು. ವೆನ್ಲಾಫಾಕ್ಸಿನ್, ಪರಾಕ್ಸೆಟಿನ್‌ಗಳು ದೇಹದಿಂದ ಬೇಗ ಹೊರಹೋಗುವುದರಿಂದ ಅವುಗಳಲ್ಲಿ ಈ ತೊಂದರೆ ಹೆಚ್ಚು. ಬಹುದಿನ ದೇಹದಲ್ಲಿ ಉಳಿಯುವ ಫ್ಲೂಆಕ್ಸೆಟಿನ್‌ನಲ್ಲಿ ಕಡಿಮೆ. ಇದನ್ನು ಕಂಡ ಮನೆಯವರು ನೀರು ಹಿಡಿಸಲಿಲ್ಲವೆಂದೋ, ಔಷಧಿಯ ಚಟ ಹತ್ತಿತೆಂದೋ ಭಾವಿಸುವುದುಂಟು. ಎರಡೂ ತಪ್ಪು ಕಲ್ಪನೆಗಳು. ಮದ್ಯದಂತೆ ಆಸೆಯನ್ನು ಕೆರಳಿಸುವ ಗುಣ ಈ ಔಷಧಿಗಳಿಗಿಲ್ಲ. ಬಿಡಬೇಕಾದಾಗ ವೈದ್ಯರ ಸೂಚನೆಯಂತೆ ಪ್ರಮಾಣವನ್ನು ಹಂತಹಂತವಾಗಿ ಇಳಿಸಬೇಕು, ಅಷ್ಟೆ.

ಏಕೆ ದೊರೆಯುವುದಿಲ್ಲ?

ಅಂಗಡಿಯವನು ಇಡುವುದು ತನ್ನ ಸುತ್ತಲಿನ ವೈದ್ಯರು ಬರೆಯುವ ಔಷಧಿಗಳನ್ನು. ಒಂದೇ ಔಷಧಿಯನ್ನು ಹತ್ತಾರು ಕಂಪನಿಗಳು ಹತ್ತಾರು ಹೆಸರುಗಳಲ್ಲಿ ಮಾರುತ್ತವೆ. ಧಾರವಾಡದಲ್ಲಿ ಬಳಕೆಯಲ್ಲಿರುವ ಹೆಸರು ವಡೋದರಾದಲ್ಲಿ ಅಪರಿಚಿತವಾಗಿರಬಹುದು. ಖರ್ಚು ಕಡಿಮೆಯಿರುವ ಹಳೆಯ ಔಷಧಿಗಳನ್ನೂ, ಅಪರೂಪದ ಪ್ರಮಾಣದ ಮಾತ್ರೆಗಳನ್ನೂ ಅವಧಿ ಮೀರುವ ಭಯದಿಂದ ಹಲವರು ತರಿಸುವುದಿಲ್ಲ. ಆದ್ದರಿಂದ 'ನಥೀ' ಎಂಬುದರ ಅರ್ಥ ಅನೇಕ ವೇಳೆ 'ಈ ಹೆಸರಿನದು ಇಲ್ಲ' ಎಂದಷ್ಟೇ, ಔಷಧಿಯೇ ಇಲ್ಲವೆಂದಲ್ಲ.

ಇದಕ್ಕೆ ಉಪಾಯವು ಮಾತ್ರೆಯ ಪಟ್ಟಿಯ ಮೇಲೆಯೇ ಇದೆ. ಅಲ್ಲಿ ಎರಡು ಹೆಸರುಗಳಿರುತ್ತವೆ: ಒಂದು ಕಂಪನಿಯಿಟ್ಟ ಹೆಸರು, ಇನ್ನೊಂದು ಔಷಧಿಯ ಮೂಲ ಹೆಸರು. ಮೂಲ ಹೆಸರು ಹೆಚ್ಚು ದೊಡ್ಡ ಅಕ್ಷರಗಳಲ್ಲಿರಬೇಕೆಂದು 2018ರಲ್ಲಿ ನಿಯಮಕ್ಕೆ ತಿದ್ದುಪಡಿಯಾಯಿತು. ವೈದ್ಯರೂ ಮೂಲ ಹೆಸರನ್ನು ಸ್ಪಷ್ಟವಾಗಿ ಬರೆಯಬೇಕೆಂಬ ಸೂಚನೆ 2016ರಿಂದ ಇದೆ. ಮನೆಯವರು ತಿಳಿದಿರಬೇಕಾದದ್ದು ಮೂರು ಸಂಗತಿಗಳನ್ನು: ಮೂಲ ಹೆಸರು, ಎಷ್ಟು ಮಿಲಿಗ್ರಾಂ, ಮತ್ತು ಅದು ಸಾಧಾರಣ ಮಾತ್ರೆಯೋ ನಿಧಾನವಾಗಿ ಕರಗುವ ಬಗೆಯದೋ ಎಂಬುದು.

ಬದಲಿ ಔಷಧಿಯ ವಿಷಯ

ಅಮಿಟ್ರಿಪ್ಟಿಲಿನ್ ಮತ್ತು ನಾರ್‌ಟ್ರಿಪ್ಟಿಲಿನ್, ಸಿಟಾಲೊಪ್ರಾಮ್ ಮತ್ತು ಎಸ್‌ಸಿಟಾಲೊಪ್ರಾಮ್, ಇವು ಕಿವಿಗೆ ಒಂದೇ ಎನಿಸಿದರೂ ಬೇರೆ ಬೇರೆ ಔಷಧಿಗಳು; ಪ್ರಮಾಣವೂ ಬೇರೆ. ನಿಧಾನವಾಗಿ ಕರಗುವ ಮಾತ್ರೆಯನ್ನು ಮುರಿದು ಅಥವಾ ಪುಡಿಮಾಡಿ ಸೇವಿಸಿದರೆ ದಿನವಿಡೀ ಹಂಚಿಹೋಗಬೇಕಾದ ಔಷಧಿ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ಕೆಲವು ಔಷಧಿಗಳ ನಡುವೆ ಅಂತರವನ್ನೂ ಇಡಬೇಕು. ಎಂ.ಎ.ಓ. ನಿರೋಧಕವೆಂಬ ಹಳೆಯ ವರ್ಗದ ಔಷಧಿಯನ್ನು ನಿಲ್ಲಿಸಿ ಬೇರೊಂದನ್ನು ಆರಂಭಿಸಲು ಎರಡು ವಾರ ಕಾಯಬೇಕಾಗುತ್ತದೆ. ಫ್ಲೂಆಕ್ಸೆಟಿನ್ ಬಿಟ್ಟು ಆ ವರ್ಗಕ್ಕೆ ಹೋಗಲು ಐದು ವಾರ.

ಈ ಕಾರಣದಿಂದಲೇ 1945ರ ಔಷಧ ನಿಯಮಗಳು ಕಟ್ಟುನಿಟ್ಟಾಗಿವೆ. ಖಿನ್ನತೆಯ ಸಾಮಾನ್ಯ ಔಷಧಿಗಳು ಅನುಸೂಚಿ 'ಎಚ್'ಗೆ ಸೇರಿದವು. ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಅವನ್ನು ಮಾರತಕ್ಕದ್ದಲ್ಲ. ಚೀಟಿಯಲ್ಲಿರುವುದರ ಬದಲು ಬೇರೊಂದು ತಯಾರಿಕೆಯನ್ನು, ಒಳಗಿರುವ ಔಷಧಿ ಒಂದೇ ಆಗಿದ್ದರೂ, ಅಂಗಡಿಯವನು ತಾನಾಗಿ ಕೊಡತಕ್ಕದ್ದಲ್ಲ. ಬದಲಾವಣೆಯ ಅಧಿಕಾರ ವೈದ್ಯರದು. ಮತ್ತೆ ಮತ್ತೆ ಕೊಡಬಹುದೆಂದು ವೈದ್ಯರು ಬರೆಯದಿದ್ದರೆ ಒಂದು ಚೀಟಿಗೆ ಒಮ್ಮೆ ಮಾತ್ರ ಔಷಧಿ. ಆದರೆ ಕರ್ನಾಟಕದ ವೈದ್ಯರ ಚೀಟಿ ಗುಜರಾತಿನಲ್ಲಿ ನಡೆಯದೆಂಬ ನಿಯಮವಿಲ್ಲ.

ಮಾಡಬೇಕಾದದ್ದು

ಊರಿನಿಂದ ಹೊರಡುವ ಮುನ್ನವೇ ವೈದ್ಯರಿಂದ ಹೊಸ ಚೀಟಿಯನ್ನು ಬರೆಸಿಕೊಳ್ಳುವುದು ಮೇಲು. ಅದರಲ್ಲಿ ಮೂಲ ಹೆಸರು, ಪ್ರಮಾಣ ಹಾಗೂ ಎಷ್ಟು ತಿಂಗಳು ಕೊಡಬಹುದೆಂಬುದು ಇಂಗ್ಲಿಷಿನಲ್ಲಿರಲಿ; ಕನ್ನಡದಲ್ಲಿ ಬರೆದ ಸೂಚನೆ ಇಲ್ಲಿನ ಅಂಗಡಿಯವನಿಗೆ ಓದಲು ಬಾರದು. ಖಾಲಿಯಾದ ಪಟ್ಟಿಯನ್ನು ಎಸೆಯದೆ ಇಟ್ಟುಕೊಳ್ಳಬೇಕು. ಹದಿನೈದು ದಿನಗಳ ಮಾತ್ರೆ ಉಳಿದಿರುವಾಗಲೇ ಹುಡುಕಾಟ ಆರಂಭವಾಗಬೇಕು. ಮನೋವೈದ್ಯರ ಚಿಕಿತ್ಸಾಲಯದ ಸಮೀಪದ ಅಂಗಡಿಯಲ್ಲಿ ಮೊದಲು ವಿಚಾರಿಸುವುದು ಲೇಸು. ಇಲ್ಲದಿದ್ದರೆ ಸಗಟು ವ್ಯಾಪಾರಿಯಿಂದ ತರಿಸಿಕೊಡಲು ಕೇಳಬಹುದು. ಯಾವ ದಾರಿಯೂ ಕಾಣದಿದ್ದರೆ ಊರಿನ ವೈದ್ಯರಿಗೆ ದೂರವಾಣಿ ಮಾಡಬೇಕು, ಅಥವಾ ಸರ್ ಸಯಾಜಿರಾವ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕಾಗಲಿ, ಕಾರೇಲಿಬಾಗ್‌ನ ಸರಕಾರಿ ಮಾನಸಿಕ ಆಸ್ಪತ್ರೆಗಾಗಲಿ ಹೋಗಬೇಕು. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಔಷಧಿಗಳನ್ನು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಸರಕಾರಿ ಆಸ್ಪತ್ರೆಗಳು ಉಚಿತವಾಗಿ ಒದಗಿಸಬೇಕು. 2022ರ ರಾಷ್ಟ್ರೀಯ ಪಟ್ಟಿಯಲ್ಲಿ ಖಿನ್ನತೆಗಾಗಿ ಅಮಿಟ್ರಿಪ್ಟಿಲಿನ್, ಎಸ್‌ಸಿಟಾಲೊಪ್ರಾಮ್, ಫ್ಲೂಆಕ್ಸೆಟಿನ್‌ಗಳಿವೆ. ರೋಗಿಯು ಬದುಕು ಬೇಡವೆಂಬ ಮಾತನ್ನಾಡಿದರೆ ಒಬ್ಬರನ್ನೇ ಬಿಡದೆ ಒಡನೆಯೇ ಆಸ್ಪತ್ರೆಗೆ ಕರೆದೊಯ್ಯಬೇಕು. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಹಗಲಿರುಳೂ ಸಲಹೆ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು.

ಇವೆಲ್ಲಕ್ಕೂ ಅಡ್ಡಬರುವುದು ಸಂಕೋಚ. ಮಧುಮೇಹದ ಗುಳಿಗೆ ಮುಗಿದರೆ ನೆರೆಯವರನ್ನು ಕೇಳಲು ಹಿಂಜರಿಯದವರು, ಮನಸ್ಸಿನ ಔಷಧಿಯ ಚೀಟಿಯನ್ನು ಮಡಿಸಿ ಜೇಬಿನಲ್ಲಿ ಬಚ್ಚಿಡುತ್ತಾರೆ. ಆ ತಾಯಿಯ ಮಗನು ಮರುದಿನವೇ ಚೀಟಿಯನ್ನೂ ಹಳೆಯ ಪಟ್ಟಿಯನ್ನೂ ಇಲ್ಲಿನ ವೈದ್ಯರ ಮುಂದಿಟ್ಟರೆ, ಅದೇ ಔಷಧಿ ಇಲ್ಲಿ ದೊರೆಯುವ ಹೆಸರಿನಲ್ಲಿ ಬರೆದುಕೊಡಲು ಅವರಿಗೆ ಹೆಚ್ಚು ಹೊತ್ತು ಬೇಕಾಗದು. ತಾಯಿಯ ನಾಲ್ಕು ತಿಂಗಳ ಚೇತರಿಕೆ ಉಳಿಯುವುದೂ ಕಳೆಯುವುದೂ ಆ ಒಂದು ದಿನದ ಓಡಾಟದಲ್ಲಿದೆ.