ಕರುವಿನ ಕರುಳಿಗೂ ಒಂದು ಅಗಸಿ

‘ಮಾಸು ಬೀಳೂತನಕ ಕರುವಿಗೆ ಮೊಲಿ ಉಣಿಸಬ್ಯಾಡ’ ಅನ್ನುವ ಮಾತು ಅಡರಕಟ್ಟಿ ಕಡೆಯ ದನ ಕಟ್ಟಿದವರಿಗೆ ಹೊಸದಲ್ಲ. ಮಾಸು ಬೀಳಲು ಒಮ್ಮೊಮ್ಮೆ ಎಂಟು-ಹತ್ತು ತಾಸು ಹಿಡಿಯುತ್ತದೆ. ಕರುವಿನ ಜೀವ ಉಳಿಯುವುದೋ ಹೋಗುವುದೋ ಎಂಬುದು ಆ ತಾಸುಗಳಲ್ಲೇ ಇದೆ. ಯಾಕೆಂದು ತಿಳಿಯಲು ಕರುಳಿನ ಒಳಗೋಡೆ ನೋಡಬೇಕು.

ಈ ಗೋಡೆ ಒಂದೇ ಸಾಲು ಜೀವಕೋಶಗಳದ್ದು. ಹೆಚ್ಚಿನವು ಆಹಾರ ಹೀರುತ್ತವೆ. ನಡುನಡುವೆ ಬಟ್ಟಲಿನಂಥ ಕೋಶಗಳಿದ್ದು ಲೋಳೆ ಸುರಿಸುತ್ತವೆ. ರೋಗಾಣು ಅದರಲ್ಲಿ ಸಿಕ್ಕಿ ಸಗಣಿಯೊಂದಿಗೆ ಹೊರಬೀಳುತ್ತವೆ. ಮೂರನೆಯವು ‘ಎಂ ಕೋಶ’ಗಳು. ಇವನ್ನು ಊರ ಅಗಸಿ ಬಾಗಿಲು ಅನ್ನಿ. ಬಂದ ರೋಗಾಣುವಿನ ಮಾದರಿಯನ್ನು ಒಳಗೆ ಬಿಟ್ಟು, ಅಲ್ಲಿ ವಾಲೀಕಾರರಂತೆ ಕಾದಿರುವ ಬಿಳಿ ರಕ್ತಕಣಗಳಿಗೆ ಗುರುತು ಹಿಡಿಸುತ್ತವೆ. ಗುರುತು ಸಿಕ್ಕರೆ ಆ ರೋಗಾಣುವನ್ನು ತಡೆಯುವ ಪ್ರತಿಕಾಯಗಳು ತಯಾರಾಗಿ ಲೋಳೆಗೆ ಬಂದು ಸೇರುತ್ತವೆ. ಸಾಲ್ಮೊನೆಲ್ಲಾದಂಥ ಖದೀಮ ರೋಗಾಣು ಇದೇ ಬಾಗಿಲಿನಿಂದ ನುಗ್ಗುವುದೂ ಉಂಟು.

ಎಳೆಗರುವಿನ ಕರುಳು ಇದನ್ನೆಲ್ಲ ಕಲಿಯಲು ವಾರಗಟ್ಟಲೆ ಬೇಕು. ಅಲ್ಲಿಯತನಕ ಕಾಯುವವರು ಯಾರು? ಮನುಷ್ಯರ ಕೂಸಿಗೆ ತಾಯಿಯ ಪ್ರತಿಕಾಯ ಬಸಿರಲ್ಲೇ ಸಿಗುತ್ತವೆ. ಆಕಳ ಮಾಸು ಅವನ್ನು ದಾಟಗೊಡುವುದಿಲ್ಲ. ಕರು ಬರಿಗೈಲೆ ಹುಟ್ಟುತ್ತದೆ. ಅದರ ಪಾಲು ಇರುವುದು ಗಿಣ್ಣದ ಹಾಲಿನಲ್ಲಿ. ಆಗಷ್ಟೇ ಹುಟ್ಟಿದ ಕರುವಿನ ಕರುಳಿನ ಕೋಶಗಳು ಈ ಪ್ರತಿಕಾಯಗಳನ್ನು ಒಡೆಯದೆ ಇಡಿಯಾಗಿ ರಕ್ತಕ್ಕೆ ದಾಟಿಸುತ್ತವೆ. ಆರು ತಾಸಿನ ಮೇಲೆ ಈ ಶಕ್ತಿ ಇಳಿಯುತ್ತ ಹೋಗಿ, ಸುಮಾರು 24 ತಾಸಿಗೆ ಬಾಗಿಲು ಮುಚ್ಚುತ್ತದೆ. ಆಮೇಲೆ ಕೊಡಗಟ್ಟಲೆ ಗಿಣ್ಣ ಕುಡಿಸಿದರೂ ಪ್ರತಿಕಾಯ ರಕ್ತಕ್ಕೆ ಸೇರುವುದಿಲ್ಲ.

ಹಾಗಾಗಿ ರೈತರು ಇಷ್ಟು ಮಾಡಿರಿ:

1. ಕರು ಹುಟ್ಟಿದ ಎರಡು ತಾಸಿನೊಳಗೆ ಗಿಣ್ಣ ಕುಡಿಸಲು ಶುರು ಮಾಡಿರಿ. 20 ಕಿಲೋ ಕರುವಿಗೆ 2 ಲೀಟರಿನಂತೆ, ತೂಕದ ಹತ್ತರಲ್ಲೊಂದು ಪಾಲು ಆರು ತಾಸಿನೊಳಗೆ ಹೊಟ್ಟೆ ಸೇರಲಿ. ಎರಡು-ಮೂರು ಸಲ ಮಾಡಿ ಕುಡಿಸಿದರೂ ಆದೀತು.

2. ಮೊದಲು ಕೆಚ್ಚಲು ತೊಳೆಯಿರಿ. ಬಾಗಿಲು ತೆರೆದಿರುವಾಗ ಹೊಲಸಿನ ರೋಗಾಣುವೂ ಒಳಗೆ ಹೋದೀತು.

3. ಮಾಸಿಗೆ ಕಾಯಬೇಡಿರಿ. ಕರು ಮೊಲೆ ಚೀಪಿದರೆ ಗರ್ಭಕೋಶ ಕುಗ್ಗಿ ಮಾಸು ಬೀಳಲು ನೆರವೇ ಆಗುತ್ತದೆ. 12 ತಾಸಾದರೂ ಬೀಳದಿದ್ದರೆ ಜಗ್ಗದೆ ಪಶುವೈದ್ಯರನ್ನು ಕರೆಯಿರಿ.

ಎಮ್ಮಿ, ಕುರಿ, ಆಡಿನ ಮರಿಗಳಿಗೂ ಇದೇ ಲೆಕ್ಕ. ಗಿಣ್ಣ ನಮಗೂ ರುಚಿಯೇ, ಆದರೆ ಕರು ಕುಡಿದು ಉಳಿದದ್ದಷ್ಟೇ ಒಲೆಯ ಮೇಲೆ ಏರಲಿ.