ಪರದೇಶದ ಸಸಿಯೂ ನಮ್ಮ ನೆಲವೂ

ಒಂದು ದೇಶದಲ್ಲಿ ಒಳ್ಳೇ ಫಲಕೊಟ್ಟ ಏರ್ಪಾಡನ್ನು ಬೇರೊಂದು ದೇಶಕ್ಕೆ ತರುವಾಗ ಯಾವದನ್ನು ಕಾಪಾಡಬೇಕು, ಯಾವದನ್ನು ಮಾರ್ಪಡಿಸಬೇಕು ಎಂಬದನ್ನು ಸಹಕಾರಿ ಸಂಘಗಳ ಚರಿತ್ರೆಯಿಂದ ಕಲಿಯೋಣ.

ಜರ್ಮನಿ ದೇಶದಲ್ಲಿ ರೈಫೈಸನ್ ಎಂಬವರು ಕೆಲವು ಹಳ್ಳಿಗಳ ಅಧಿಕಾರಿಯಾಗಿದ್ದರು. 1846-47ರ ಬರಗಾಲದಲ್ಲಿ ಅವರು ಅನುಕೂಲಸ್ಥರಿಂದ ಹಣ ಕೂಡಿಸಿ ಬಡವರಿಗೆ ರೊಟ್ಟಿಯನ್ನು ಒದಗಿಸಿದರು. ಆದರೆ ಧನವಂತರ ದಯೆಯನ್ನೇ ನಂಬಿದ ಸಂಘವು ಬಹುಕಾಲ ನಿಲ್ಲಲಾರದೆಂದು ಅನುಭವದಿಂದ ತಿಳಿದು, 1864ರಲ್ಲಿ ಹೆಡ್ಡೆಸ್‌ಡಾರ್ಫ್ ಎಂಬಲ್ಲಿ ಸಾಲ ಬೇಕಾದವರೇ ಸದಸ್ಯರಾಗಿರುವ ಸಂಘವನ್ನು ಸ್ಥಾಪಿಸಿದರು. ಅದರ ಬೇರುಗಳು ಮೂರು. ಮೊದಲನೆಯದು, ಸದಸ್ಯರು ಒಬ್ಬರನ್ನೊಬ್ಬರು ಬಲ್ಲ ನೆರೆಯವರಾಗಿರುವದು. ಎರಡನೆಯದು, ಸಂಘದ ಸಾಲಕ್ಕೆ ಎಲ್ಲರೂ ಹೊಣೆಯಾಗುವದು. ಮೂರನೆಯದು, ಹಣವನ್ನು ಕೇಳಿದ ಕೆಲಸಕ್ಕೇ ಉಪಯೋಗಿಸುವದು.

ಹೀಗಿರಲಾಗಿ, ಮದ್ರಾಸ್ ಸರಕಾರವು 1892ರಲ್ಲಿ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ಈ ವಿಷಯದ ವಿಚಾರಣೆಗೆ ನೇಮಿಸಿತು. ನಮಗೆ ರೈಫೈಸನರಂಥ ಮನುಷ್ಯರೇ ಸಿಕ್ಕಬೇಕೆಂಬದು ಅವರ ವರದಿಯ ಸಾರವಾಗಿತ್ತು. 1904ರ ಕಾಯಿದೆಯು ಹಳ್ಳಿಯ ಸಂಘಗಳಲ್ಲಿ ಎಲ್ಲರ ಹೊಣೆಯನ್ನು ಉಳಿಸಿಕೊಂಡಿತು. ಆದರೆ ಜರ್ಮನಿಯಲ್ಲಿ ಜನರೊಳಗಿಂದಲೇ ಹುಟ್ಟಿದ ಕಾರ್ಯಕ್ಕೆ ಇಲ್ಲಿ ಸರಕಾರದ ರಿಜಿಸ್ಟ್ರಾರರು ಮೇಲ್ವಿಚಾರಕರಾದರು. ಲೆಕ್ಕಗಳ ತಪಾಸಣೆಯೂ ಅವರ ಪಾಲಿಗೆ ಬಂತು. ಇದು ಈ ದೇಶಕ್ಕಾಗಿ ಮಾಡಿದ ಮಾರ್ಪಾಡು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮುಂದಾಗಿ ಸಂಘವನ್ನು ಕಟ್ಟಿದರು. ಅಲ್ಲಿ ಕಾಯಿದೆಗೆ ಊರಿನವನೇ ಆದ ಒಬ್ಬ ಮನುಷ್ಯನು ದೊರಕಿದನು.

ಎಲ್ಲಾ ಕಡೆಗಳಲ್ಲಿ ಹೀಗಾಗಲಿಲ್ಲ. ದೇಶದಲ್ಲೆಲ್ಲಾ ಸಂಘಗಳು ಹೆಚ್ಚಿದವು. ಆದರೂ 1951-52ರಲ್ಲಿ ವಿಚಾರಿಸಿ ನೋಡಲಾಗಿ, ಒಕ್ಕಲಿಗರು ತಂದ ಸಾಲದ ನೂರು ರೂಪಾಯಿಗಳಲ್ಲಿ ಸಂಘಗಳಿಂದ ಬಂದದ್ದು ಸುಮಾರು 3 ರೂಪಾಯಿ ಮಾತ್ರ. ಬಡ್ಡಿಯ ಸಾಹುಕಾರರಿಂದ ಬಂದದ್ದು ಸುಮಾರು 70 ರೂಪಾಯಿ. ಯಾಕಂದರೆ ಅನೇಕ ಸಂಘಗಳು ಮನುಷ್ಯನ ನಡತೆಯನ್ನೂ ಬೆಳೆಯನ್ನೂ ನೋಡದೆ ಭೂಮಿಯ ಆಧಾರವನ್ನೇ ಕೇಳಿದವು. ಭೂಮಿ ಇಲ್ಲದ ಗೇಣಿದಾರನು ಬಾಗಿಲ ಹೊರಗೇ ಉಳಿದನು. ಯಾರಿಗಾಗಿ ಆ ಸಸಿಯನ್ನು ತಂದರೋ ಅವನಿಗೇ ನೆರಳು ಸಿಕ್ಕಲಿಲ್ಲ.

ಆದಕಾರಣ ಪರದೇಶದ ಒಳ್ಳೇ ಕಾರ್ಯವನ್ನು ತರುವವರು ಅದರ ಕೊಂಬೆಗಳನ್ನು ನಮ್ಮ ಹವೆಗೆ ತಕ್ಕಂತೆ ಸವರಬಹುದು, ಬೇರನ್ನು ಕಡಿಯಬಾರದು.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:
1. ರೈಫೈಸನರು ತಮ್ಮ ಮೊದಲಿನ ಕ್ರಮವನ್ನು ಯಾಕೆ ಬದಲಾಯಿಸಿದರು?
2. ನಮ್ಮ ಊರಿನ ಸಂಘದಲ್ಲಿ ಆ ಮೂರು ಬೇರುಗಳಲ್ಲಿ ಯಾವವು ಉಳಿದಿವೆ?
3. ಅದರ ಬಾಗಿಲ ಹೊರಗೆ ನಿಂತಿರುವವರು ಯಾರು?