ದೈತ್ಯ ಏಡಿಯೂ ನಮ್ಮ ಎದೆಬಡಿತವೂ

ಪಠ್ಯಪುಸ್ತಕದ ಮರೆಯಲ್ಲಿಟ್ಟುಕೊಂಡು ಓದುವ ಪುಸ್ತಕಗಳ ವರ್ಗವೊಂದುಂಟು. ರಕ್ತ ಸೋರುವ ಮುಖಪುಟ, ಅವಸರದಲ್ಲಿ ಹೊಸೆದ ವಾಕ್ಯಗಳು, ನಾಲ್ಕು ಪುಟಕ್ಕೊಂದು ಸಾವು. ಇವೇ ಅವುಗಳ ಲಕ್ಷಣ. ಓದಿದವರು 'ಎಂತಹ ಕಳಪೆ ಬರವಣಿಗೆ!' ಎಂದು ಮೂಗು ಮುರಿಯುತ್ತಾರೆ. ಆದರೆ ಕಡೆಯ ಪುಟದವರೆಗೆ ಕೆಳಗಿಡುವುದಿಲ್ಲ. ನಾಚಿಕೆಯೂ ಸಂತೋಷವೂ ಬೆರೆತ ಈ ಅನುಭವಕ್ಕೆ ವಿಜ್ಞಾನದಲ್ಲಿ ವಿವರಣೆ ಉಂಟೆ? ಇಂತಹ ಓದು ವಿದ್ಯಾರ್ಥಿಯ ವಿವೇಚನಾಶಕ್ತಿಯನ್ನು ಕೆಡಿಸುವುದೆ? ಒಂದು ನಿದರ್ಶನವನ್ನು ತೆಗೆದುಕೊಂಡು ವಿಚಾರಮಾಡೋಣ.

ಇಂಗ್ಲೆಂಡಿನಲ್ಲಿ 1974ರಲ್ಲಿ ಜೇಮ್ಸ್ ಹರ್ಬರ್ಟ್ ಎಂಬಾತನ 'ದಿ ರ್‍ಯಾಟ್ಸ್' ಎಂಬ ಕಾದಂಬರಿ ಹೊರಬಂದು ಬಹು ಜನಪ್ರಿಯವಾಯಿತು. ನರಭಕ್ಷಕ ಇಲಿಗಳ ಕಥೆ ಅದು. ಎರಡು ವರ್ಷಗಳ ತರುವಾಯ, 1976ರಲ್ಲಿ, ಗೈ ಎನ್. ಸ್ಮಿತ್ 'ನೈಟ್ ಆಫ್ ದಿ ಕ್ರ್ಯಾಬ್ಸ್' ಎಂಬ ಕಿರು ಕಾದಂಬರಿಯನ್ನು ಬರೆದನು. ವೇಲ್ಸ್ ದೇಶದ ಕಡಲತೀರದಲ್ಲಿ ದೈತ್ಯ ಏಡಿಗಳು ನೀರಿನಿಂದೆದ್ದು ಬಂದು ಮನುಷ್ಯರನ್ನು ಇಕ್ಕಳದಂತಹ ಮುಂಗಾಲುಗಳಿಂದ ತುಂಡರಿಸುತ್ತವೆ. ಬಂದೂಕಿನ ಗುಂಡು ಅವಕ್ಕೆ ತಾಗುವುದಿಲ್ಲ. ಸಾಹಿತ್ಯದ ದೃಷ್ಟಿಯಿಂದ ಇದನ್ನು ಹೊಗಳುವವರು ವಿರಳ. ಆದರೂ ಓದುಗರು ಬಿಡಲಿಲ್ಲ. ಏಡಿಗಳ ಮೇಲೆಯೇ ಅವನು ಮತ್ತಷ್ಟು ಕಾದಂಬರಿಗಳನ್ನು ಬರೆಯಬೇಕಾಯಿತು.

ಏಡಿಯ ಗಣಿತ

ಮೊದಲು ಏಡಿಯನ್ನೇ ಪರೀಕ್ಷಿಸೋಣ. 20 ಸೆಂಟಿಮೀಟರ್ ಅಗಲದ, ಒಂದು ಕಿಲೋಗ್ರಾಮ್ ತೂಕದ ಏಡಿಯೊಂದಿದೆ ಎಂದಿಟ್ಟುಕೊಳ್ಳಿ. ಅದರ ಆಕಾರ ಬದಲಾಗದಂತೆ ಎಲ್ಲ ಅಳತೆಗಳನ್ನೂ ಹತ್ತು ಪಟ್ಟು ಹಿಗ್ಗಿಸಿದರೆ ಅಗಲ 2 ಮೀಟರ್ ಆಗುತ್ತದೆ. ತೂಕವೇನಾಗುವುದು? ಉದ್ದ, ಅಗಲ, ಎತ್ತರ ಮೂರೂ ಹತ್ತು ಪಟ್ಟಾದುದರಿಂದ ಘನಫಲ 1,000 ಪಟ್ಟಾಗಿ, ಏಡಿಯ ತೂಕ 1,000 ಕಿಲೋಗ್ರಾಮ್ ಮುಟ್ಟುತ್ತದೆ. ಆದರೆ ಕಾಲುಗಳ ಬಲವು ಅವುಗಳ ಅಡ್ಡಕೊಯ್ತದ ವಿಸ್ತೀರ್ಣವನ್ನು ಅವಲಂಬಿಸಿದೆಯಷ್ಟೆ. ಅದು ಹೆಚ್ಚುವುದು 100 ಪಟ್ಟು ಮಾತ್ರ. ಎಂದರೆ, ಕಾಲಿನ ಒಂದೊಂದು ಚದರ ಸೆಂಟಿಮೀಟರೂ ಹಿಂದಿನದರ ಹತ್ತರಷ್ಟು ಭಾರವನ್ನು ಹೊರಬೇಕು. ಹಳೆಯ ಅನುಪಾತವನ್ನೇ ಉಳಿಸಿಕೊಳ್ಳಬೇಕಾದರೆ ಕಾಲಿನ ದಪ್ಪವು ಹತ್ತು ಪಟ್ಟಲ್ಲ, ಸುಮಾರು 32 ಪಟ್ಟು ಹೆಚ್ಚಬೇಕು. ಆಗ ಅದು ಏಡಿಯಂತೆ ಕಾಣುವುದೇ ಇಲ್ಲ.

ಈ ನಿಯಮವನ್ನು ಗೆಲಿಲಿಯೋ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಮೂಳೆಗಳ ಚಿತ್ರ ಸಹಿತ ವಿವರಿಸಿದ್ದನು. ಜೆ. ಬಿ. ಎಸ್. ಹಾಲ್ಡೇನ್ 1926ರಲ್ಲಿ ಇದನ್ನೇ ಪ್ರಾಣಿಗಳ ಗಾತ್ರಕ್ಕೆ ಅನ್ವಯಿಸಿ ಸೊಗಸಾದ ಲೇಖನವೊಂದನ್ನು ಬರೆದರು. ಇವರು 1957ರಲ್ಲಿ ಭಾರತಕ್ಕೆ ಬಂದು ನೆಲಸಿ, 1964ರಲ್ಲಿ ಇಲ್ಲಿಯೇ ತೀರಿಕೊಂಡರು.

ನಿಸರ್ಗವೂ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಜಪಾನಿನ ಕಡಲಿನ ಜೇಡ ಏಡಿಯ ಕಾಲುಗಳನ್ನು ಚಾಚಿದರೆ ಮೂರುವರೆ ಮೀಟರಿಗೂ ಮೀರುವುದುಂಟು. ಆದರೆ ಅದರ ಭಾರದ ಬಹುಪಾಲನ್ನು ನೀರೇ ಎತ್ತಿಹಿಡಿಯುತ್ತದೆ. ನೆಲದ ಮೇಲೆ ಬಾಳುವ ತೆಂಗಿನ ಏಡಿಯಾದರೋ ಸುಮಾರು 4 ಕಿಲೋಗ್ರಾಮ್‌ಗಳಷ್ಟಕ್ಕೇ ನಿಲ್ಲುತ್ತದೆ. ಇನ್ನೊಂದು ತೊಡಕೂ ಇದೆ. ಏಡಿ ಬೆಳೆಯಬೇಕಾದರೆ ಆಗಾಗ್ಗೆ ಚಿಪ್ಪನ್ನು ಕಳಚಬೇಕು. ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಅದರ ಮೈ ಮೆತ್ತಗಿರುತ್ತದೆ. ದಡದ ಮೇಲೆ ಚಿಪ್ಪು ಕಳಚಿದ ಸಾವಿರ ಕಿಲೋಗ್ರಾಮ್ ತೂಕದ ಏಡಿ ತನ್ನ ಭಾರಕ್ಕೆ ತಾನೇ ಕುಸಿದುಬೀಳುವುದು. ಸೈನ್ಯವನ್ನು ಕರೆಸುವ ಅಗತ್ಯವೇ ಇಲ್ಲ!

ಎದೆಯ ಗಣಿತ

ಇಷ್ಟು ತಿಳಿದ ಮೇಲೂ, ನಡುರಾತ್ರಿಯಲ್ಲಿ ಆ ಪುಟಗಳನ್ನು ತಿರುವುವಾಗ ಎದೆ ಡವಗುಟ್ಟುವುದೇಕೆ? ಅಪಾಯದ ಸುಳಿವು ದೊರೆತೊಡನೆ ಮಿದುಳಿನಲ್ಲಿರುವ ಅಮಿಗ್ಡಲ ಎಂಬ ಭಾಗವು ಚುರುಕಾಗುತ್ತದೆ. ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳಿಂದ ಅಡ್ರಿನಲಿನ್ ಸ್ರವಿಸಿ ರಕ್ತಕ್ಕೆ ಸೇರುತ್ತದೆ. ನಾಡಿ ವೇಗಗೊಳ್ಳುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಅಂಗೈ ಬೆವರುತ್ತದೆ. ಹೋರಾಟಕ್ಕೋ ಪಲಾಯನಕ್ಕೋ ದೇಹವನ್ನು ಸಜ್ಜುಗೊಳಿಸುವ ಈ ಏರ್ಪಾಡನ್ನು ಅಮೆರಿಕದ ವಾಲ್ಟರ್ ಕ್ಯಾನನ್ 1915ರಲ್ಲಿ ವಿವರಿಸಿದನು. ಈ ಏರ್ಪಾಡು ಪೂರ್ಣ ವಿಚಾರಣೆಗಾಗಿ ಕಾಯುವುದಿಲ್ಲ. ಏಡಿಯ ಗಣಿತವನ್ನು ಕೇಳುವುದೂ ಇಲ್ಲ. ಆದರೆ ಕುರ್ಚಿಯಲ್ಲಿ ಕುಳಿತ ಓದುಗನಿಗೆ ತಾನು ಸುರಕ್ಷಿತನೆಂಬ ಅರಿವು ಜೊತೆಗೇ ಇರುತ್ತದೆ. ಉದ್ರೇಕವು ದಿಟ, ಅಪಾಯವು ಸುಳ್ಳು. ಇವೆರಡರ ಕೂಟದಿಂದಲೇ ಈ ಸುಖ ಹುಟ್ಟುತ್ತದೆ.

ಇದಕ್ಕೂ ಒಂದು ಮಿತಿಯುಂಟು. ಡೆನ್ಮಾರ್ಕಿನಲ್ಲಿ ಜನರನ್ನು ಹೆದರಿಸಲೆಂದೇ ಕಟ್ಟಿದ ಮನೆಯೊಂದಕ್ಕೆ ಬಂದ 110 ಮಂದಿಯನ್ನು ಸಂಶೋಧಕರು ಪರೀಕ್ಷಿಸಿ 2020ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಭಯ ತೀರ ಕಡಮೆಯಾದರೂ, ತೀರ ಹೆಚ್ಚಾದರೂ ಸಂತೋಷ ತಗ್ಗುತ್ತದೆ; ಮಧ್ಯಮ ಪ್ರಮಾಣದ ಭಯದಲ್ಲಿ ಅದು ಶಿಖರವನ್ನು ಮುಟ್ಟುತ್ತದೆ. ಕಳಪೆ ಬರವಣಿಗೆಯ ಗುಟ್ಟೂ ಇಲ್ಲಿಯೇ ಅಡಗಿರಬಹುದೆಂದು ನಮಗೆ ತೋರುತ್ತದೆ. ಅಸಂಬದ್ಧವಾದ ಒಂದು ವಾಕ್ಯ ಓದುಗನನ್ನು ನಗಿಸಿ, ಏರುತ್ತಿದ್ದ ಭಯವನ್ನು ಅರೆಗಳಿಗೆ ಇಳಿಸುತ್ತದೆ. ಕೊಳಾಯಿಯ ತಿರುಪಿನಂತೆ ಅದು ಭಯದ ಹರಿವನ್ನು ಹದದಲ್ಲಿಡುತ್ತದೆ.

ಇಂತಹ ಓದು ಬುದ್ಧಿಮಾಂದ್ಯದ ಗುರುತೆಂದು ಹೇಳಲೂ ಆಧಾರವಿಲ್ಲ. ಕೀಳು ದರ್ಜೆಯ ಚಲನಚಿತ್ರಗಳ ಪ್ರೇಮಿಗಳ ಬಗೆಗೆ ಜರ್ಮನಿಯಲ್ಲಿ ನಡೆಸಿದ, 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅವರು ಸರಾಸರಿಗಿಂತ ಹೆಚ್ಚು ವಿದ್ಯಾವಂತರು, ಉನ್ನತ ಕಲೆಯಲ್ಲಿಯೂ ಆಸಕ್ತರು ಎಂದು ಕಂಡುಬಂದಿತು.

ಕೆಡುಕಿರುವುದು ಬೇರೆಡೆಯಲ್ಲಿ. ಎದೆ ಹೊಡೆದುಕೊಂಡಿತೆಂಬುದು ಎದುರಿಗಿರುವುದು ನಿಜವೆಂಬುದಕ್ಕೆ ಪ್ರಮಾಣವಲ್ಲ. ಕಾದಂಬರಿ ತನ್ನನ್ನು ಕಟ್ಟುಕಥೆಯೆಂದು ಒಪ್ಪಿಕೊಂಡೇ ಬರುತ್ತದೆ; ಆದರೆ ಹೆದರಿಸುವ ಗಾಳಿಸುದ್ದಿ ನಿಜವೆಂದು ಹೇಳಿಕೊಂಡು ಬರುತ್ತದೆ. ಅಡ್ರಿನಲಿನ್ ಎರಡಕ್ಕೂ ಒಂದೇ ಬಗೆಯಲ್ಲಿ ಸ್ರವಿಸುತ್ತದೆ. ಇವುಗಳ ವ್ಯತ್ಯಾಸವನ್ನು ತಿಳಿಯಬೇಕಾದುದು ಅಳೆದು ನೋಡುವ ಬುದ್ಧಿ. ಏಡಿಯ ಕಾಲನ್ನು ಅಳೆದು ಪಳಗಿದವನು ಸುದ್ದಿಯನ್ನೂ ಅಳೆದು ನೋಡಬಲ್ಲನು.

ಆದುದರಿಂದ ವಿದ್ಯಾರ್ಥಿಗಳು ಇಂತಹ ಪುಸ್ತಕವನ್ನು ನಾಚಿಕೆಯಿಲ್ಲದೆ ಓದಲಿ. ಪಕ್ಕದಲ್ಲಿ ಪೆನ್ಸಿಲೊಂದನ್ನು ಇಟ್ಟುಕೊಂಡಿರಲಿ. ಅಭ್ಯಾಸಕ್ಕೆಂದು ಒಂದು ಲೆಕ್ಕ: ಕಥೆಯೊಂದರಲ್ಲಿ ಜೇಡವು ತನ್ನ ಎಲ್ಲ ಅಳತೆಗಳಲ್ಲಿಯೂ 50 ಪಟ್ಟು ಬೆಳೆಯಿತೆಂದಿದೆ. ಅದರ ಕಾಲಿನ ಪ್ರತಿ ಚದರ ಮಿಲಿಮೀಟರಿನ ಮೇಲೆ ಬೀಳುವ ಭಾರ ಎಷ್ಟು ಪಟ್ಟಾಗುವುದು? ಲೆಕ್ಕ ಮುಗಿದ ಬಳಿಕ ದೀಪವನ್ನಾರಿಸಿ ನೆಮ್ಮದಿಯಾಗಿ ಮಲಗಬಹುದು.